ವಜಾ ಆಗಿದ್ದು ದಾವೆಯೋ, ವಾದವೋ?

2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ಫೆಡರಲ್ ಜಿಲ್ಲಾ ನ್ಯಾಯಾಲಯ, ಅಮೆರಿಕದ ಹಿಂದೂಗಳ ಪರ ದನಿಯೆತ್ತುವ ಸಂಸ್ಥೆಯಾದ ಹಿಂದೂ ಅಮೆರಿಕನ್ ಫೌಂಡೇಶನ್‌ನ ನಾಗರಿಕ ಹಕ್ಕು ದಾವೆಯನ್ನು ವಜಾ ಮಾಡಿತು. ಅದೇ ದಾವೆ ವಜಾ ಆಗಿದ್ದು ಎರಡನೇ ಸಲ. ಮೊದಲ ಸಲ 2023ರ ಆಗಸ್ಟ್‌ನಲ್ಲಿ. ಪ್ರತಿವಾದಿ, ರಾಜ್ಯದ ನಾಗರಿಕ ಹಕ್ಕು ಇಲಾಖೆಯ ನಿರ್ದೇಶಕರು. ಸಿಸ್ಕೊ ಕಂಪನಿಯ ಮೇಲಿನ ಜಾತಿ ತಾರತಮ್ಯದ ಮೊಕದ್ದಮೆಯಲ್ಲಿ ಇಲಾಖೆ ಜಾತಿ ವ್ಯವಸ್ಥೆಯನ್ನು ಹಿಂದೂ ಧರ್ಮದ ಕಟ್ಟುನಿಟ್ಟಿನ ಶ್ರೇಣಿ ಎಂಬಂತೆ ಬಣ್ಣಿಸಿತ್ತು. ಯಾವ ಧರ್ಮದಲ್ಲಿ ಏನಿದೆ ಎಂದು ಸರ್ಕಾರ ಹೇಳುವಂತಿಲ್ಲ, ಇದು ಅಮೆರಿಕದ ಸಂವಿಧಾನದ ಒಂದನೇ ತಿದ್ದುಪಡಿಗೆ ವಿರುದ್ಧ ಎಂಬುದು ಫೌಂಡೇಶನ್‌ನ ತಕರಾರು.

ಸುದ್ದಿ ಬಂದದ್ದೇ ಒಂದು ಬಣ ಗೆದ್ದೆವೆಂದಿತು, ಇನ್ನೊಂದು ಬಣ ಅನ್ಯಾಯವೆಂದಿತು. ಜಾತಿಗೂ ಹಿಂದೂ ಧರ್ಮಕ್ಕೂ ಏನು ಸಂಬಂಧ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲೇ ಇಲ್ಲ. ಅದು ಕೇಳಿದ ಪ್ರಶ್ನೆ ಅದಕ್ಕಿಂತ ಮೊದಲಿನದು: ಈ ದಾವೆ ಹೂಡಲು ನೀವು ಯಾರು?

ಕನ್ನಡ ಪತ್ರಿಕೆಗಳಲ್ಲಿ 'ಅರ್ಜಿ ವಜಾ' ಎಂದು ಓದಿ ಅಭ್ಯಾಸವಾದವರಿಗೆ ಎಲ್ಲ ವಜಾಗಳೂ ಒಂದೇ. ಫೆಡರಲ್ ಕೋರ್ಟಿನಲ್ಲಿ ಹಾಗಲ್ಲ. ದಾವೆ ಹೂಡುವ ಅರ್ಹತೆ (ಸ್ಟ್ಯಾಂಡಿಂಗ್) ಇಲ್ಲವೆಂದು, ದೂರಿನಲ್ಲಿ ಸಂಗತಿ ಸಾಲದೆಂದು, ಕಾಲಮಿತಿ ಮೀರಿತೆಂದು, ಅಧಿಕಾರಿಗೆ ರಕ್ಷಣೆ ಇದೆಯೆಂದು, ವಾದಿಯೇ ವಾಪಸ್ ಪಡೆದನೆಂದು ದಾವೆ ವಜಾ ಆಗಬಹುದು. ಪ್ರತಿಯೊಂದರ ಪರಿಣಾಮವೂ ಬೇರೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11ರಡಿ ವಾದಪತ್ರವನ್ನೇ ತಿರಸ್ಕರಿಸುವುದನ್ನು ಕಂಡ ವಕೀಲರಿಗೆ ಇದರ ಅಂದಾಜು ಬೇಗ ಸಿಗುತ್ತದೆ. ಅಮೆರಿಕದಲ್ಲಿ ಆ ಕೆಲಸ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ ನಿಯಮ 12(ಬಿ)ಯದು.

ಪೆಟ್ಟು ಬಿದ್ದದ್ದು ಯಾರಿಗೆ?

ಭಾರತದ ಓದುಗರಿಗೆ ಅರ್ಹತೆಯ ಈ ಹಟ ವಿಚಿತ್ರವಾಗಿ ಕಾಣುವುದು ಸಹಜ. 1981ರ ಎಸ್.ಪಿ. ಗುಪ್ತಾ ತೀರ್ಪಿನ ನಂತರ ಇಲ್ಲಿ ಯಾರ ಪರವಾಗಿಯೂ ಪಿಐಎಲ್ ಹಾಕಬಹುದು. ಕೆರೆ ಒತ್ತುವರಿಯಾದರೆ ಆ ಕೆರೆಯ ನೀರು ಕುಡಿಯದವರೂ ಹೈಕೋರ್ಟಿಗೆ ಹೋಗಬಹುದು. ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಅದು ನಡೆಯದು. ವಾದಿ ಮೂರು ಸಂಗತಿ ತೋರಿಸಲೇಬೇಕು: ತನಗೇ ಬಿದ್ದ, ಅಥವಾ ಇನ್ನೇನು ಬೀಳಲಿರುವ, ಸ್ಪಷ್ಟ ಪೆಟ್ಟು, ಅದಕ್ಕೆ ಪ್ರತಿವಾದಿಯೇ ಕಾರಣ ಎಂಬ ಕೊಂಡಿ, ಕೇಳಿದ ಆದೇಶ ಸಿಕ್ಕರೆ ಆ ಪೆಟ್ಟು ವಾಸಿಯಾಗುವ ಸಂಭವ ಇದೆ ಎಂಬುದು. 1992ರ ಲುಹಾನ್ ತೀರ್ಪಿನಿಂದ ಈ ಮೂರೂ ಗಟ್ಟಿಯಾಗಿ ಕೂತಿವೆ. ಒಂದು ತಪ್ಪಿದರೂ ನ್ಯಾಯಾಧೀಶರಿಗೆ ದಾವೆಯ ತಿರುಳನ್ನು ಮುಟ್ಟುವ ಅಧಿಕಾರವೇ ಇಲ್ಲ. ಸಂಘಸಂಸ್ಥೆಗಳಿಗೆ ಇದು ಇನ್ನೂ ಬಿಗಿ. ಒಂದು ಸರ್ಕಾರಿ ಕ್ರಮವನ್ನು ವಿರೋಧಿಸಲು ತಾವೇ ಹಣ, ಸಮಯ ಸುರಿದು, ಆ ಖರ್ಚನ್ನೇ ಪೆಟ್ಟು ಎಂದು ತೋರಿಸುವಂತಿಲ್ಲ ಎಂದು 2024ರಲ್ಲಿ ಗರ್ಭಪಾತದ ಮಾತ್ರೆಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು.

ಜಾತಿಯ ವಿಷಯದಲ್ಲಿ ಹೂಡಿದ ಇನ್ನೆರಡು ದಾವೆಗಳೂ ಇದೇ ಹೊಸ್ತಿಲಲ್ಲಿ ಎಡವಿದವು. ಸಿಯಾಟಲ್ ನಗರಸಭೆ 2023ರ ಫೆಬ್ರುವರಿ 21ರಂದು 6-1 ಮತಗಳಿಂದ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದರ ವಿರುದ್ಧ ದಾವೆ ಹೂಡಿದವರು ದೇಶದ ಇನ್ನೊಂದು ತುದಿಯ ನಾರ್ತ್ ಕ್ಯಾರೊಲಿನಾದ ನಿವಾಸಿ. 2024ರ ಮಾರ್ಚ್‌ನಲ್ಲಿ ಅದು ವಜಾ ಆಯಿತು: ಸಿಯಾಟಲ್‌ನ ನಗರ ಕಾನೂನಿನಿಂದ ಅವರಿಗೆ ಆದ ನಿರ್ದಿಷ್ಟ ತೊಂದರೆ ಕಾಣಲಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯದು ಇನ್ನೊಂದು. ಅಲ್ಲಿನ ತಾರತಮ್ಯ ವಿರೋಧಿ ನೀತಿಯಲ್ಲಿ ಜನಾಂಗ, ಜನಾಂಗೀಯ ಮೂಲ ಎಂಬುದರ ಮುಂದೆ ಆವರಣ ಚಿಹ್ನೆಯೊಳಗೆ 2022ರಲ್ಲಿ 'ಜಾತಿ' ಎಂಬ ಒಂದು ಪದ ಸೇರಿತು. ಇಬ್ಬರು ಪ್ರಾಧ್ಯಾಪಕರು ಪ್ರಶ್ನಿಸಿದರು. 2025ರಲ್ಲಿ, ಕ್ಯಾಲಿಫೋರ್ನಿಯಾ ಸೇರಿ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿಗಳನ್ನು ಕೇಳುವ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯವೂ ಅವರ ಪರ ನಿಲ್ಲಲಿಲ್ಲ. ನೀತಿ ನಿಷೇಧಿಸಿದ್ದನ್ನು ಮಾಡುವ ಇರಾದೆ ತಮಗಿದೆ ಎಂದು ಅವರು ಹೇಳಿರಲಿಲ್ಲ, ಹೇಳುವುದಾದರೂ ಹೇಗೆ? ನೀತಿಯಲ್ಲಿ ಹಿಂದೂ ಎಂಬ ಪದವೂ ಇರಲಿಲ್ಲ. ಕಾನೂನು ತಮ್ಮ ಮೇಲೆ ಪ್ರಯೋಗವಾಗುವ ಮೊದಲೇ ಅದನ್ನು ಪ್ರಶ್ನಿಸುವವರ ಇಕ್ಕಟ್ಟು ಇದೇ: ಪೆಟ್ಟು ತೋರಿಸಲು 'ನಾನು ಇದನ್ನು ಮಾಡಲಿದ್ದೇನೆ, ಮಾಡಿದರೆ ಸಿಕ್ಕಿಬೀಳುತ್ತೇನೆ' ಎಂದು ಬರೆದುಕೊಡಬೇಕು.

ಸಂಸ್ಥೆಗಳಿಗಷ್ಟೇ ಈ ಬಿಗಿ ಎಂದುಕೊಳ್ಳಬೇಡಿ. 1976ರ ಅಕ್ಟೋಬರ್‌ನ ಒಂದು ನಡುರಾತ್ರಿ ಲಾಸ್ ಏಂಜಲೀಸ್ ಪೊಲೀಸರು ಹಿಂದಿನ ದೀಪ ಉರಿಯದ ಕಾರೊಂದನ್ನು ನಿಲ್ಲಿಸಿದರು. ಅಡಾಲ್ಫ್ ಲಯನ್ಸ್ ಎಂಬ 24 ವರ್ಷದ ಕಪ್ಪು ಯುವಕ ಕೆಳಗಿಳಿದ. ತಲೆಯ ಮೇಲೆ ಅದುಮಿದ ಕೈ ನೋಯುತ್ತಿದೆ ಎಂದದ್ದಕ್ಕೆ ಅಧಿಕಾರಿಯೊಬ್ಬ ಹಿಂದಿನಿಂದ ಕುತ್ತಿಗೆಗೆ ತೋಳು ಬಿಗಿದ. ಎಚ್ಚರವಾದಾಗ ಲಯನ್ಸ್ ಮುಖ ಕೆಳಗಾಗಿ ಬಿದ್ದಿದ್ದ, ರಕ್ತ ಉಗುಳುತ್ತಿದ್ದ, ಬಟ್ಟೆಯಲ್ಲೇ ಮಲಮೂತ್ರವಾಗಿತ್ತು. ಪೊಲೀಸರು ಒಂದು ಸಂಚಾರ ಚೀಟಿ ಬರೆದು ಕೈಗಿತ್ತು ಕಳಿಸಿದರು. ಕತ್ತು ಬಿಗಿಯುವ ಈ ಪಟ್ಟನ್ನೇ ನಿಷೇಧಿಸಿ ಎಂದು ಆತ ಕೇಳಿದ. 1983ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಆ ಬೇಡಿಕೆಯನ್ನು ಹೊರಗಿಟ್ಟಿತು: ಪೊಲೀಸರು ಇದೇ ವ್ಯಕ್ತಿಯ ಕತ್ತನ್ನು ಇನ್ನೊಮ್ಮೆ ಬಿಗಿಯುತ್ತಾರೆ ಎಂಬುದಕ್ಕೆ ಏನು ಆಧಾರ? ಅಷ್ಟರಲ್ಲಿ ಆ ಪಟ್ಟಿನಿಂದ 16 ಜನ ಸತ್ತಿದ್ದರು, ಅವರಲ್ಲಿ 12 ಮಂದಿ ಕಪ್ಪು ಗಂಡಸರು ಎಂದು ನ್ಯಾಯಮೂರ್ತಿ ಮಾರ್ಷಲ್ ಭಿನ್ನಮತದಲ್ಲಿ ದಾಖಲಿಸಿದ್ದಾರೆ. ಆದರೆ ಆದ ನೋವಿಗೆ ಹಣದ ಪರಿಹಾರ ಕೇಳಿದ ಭಾಗ ಉಳಿದುಕೊಂಡಿತು. ಅರ್ಹತೆಯನ್ನು ಇಡೀ ದಾವೆಗೆ ಒಂದೇ ಸಲ ಅಳೆಯುವುದಿಲ್ಲ, ಕೇಳಿದ ಒಂದೊಂದು ಪರಿಹಾರಕ್ಕೂ ಬೇರೆಬೇರೆಯಾಗಿ ಅಳೆಯುತ್ತಾರೆ. ತಡೆಯಾಜ್ಞೆ ಮಾತ್ರ ಕೇಳಿ ಹಣ ಕೇಳದ ದಾವೆಗಳು ಸುಲಭವಾಗಿ ಮುಗ್ಗರಿಸುವುದು ಇದಕ್ಕೇ.

ದೂರಿನ ಪ್ಯಾರಾ ಹೇಗಿರಬೇಕು

ಪೆಟ್ಟು ತನ್ನದೇ ಆದಾಗ ಮುಂದಿನ ಗಂಡಾಂತರ ನಿಯಮ 12(ಬಿ)(6): ದೂರಿನಲ್ಲಿ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಕಾನೂನಿನಲ್ಲಿ ಪರಿಹಾರ ಸಿಗುತ್ತದೆಯೇ? ಸಮನ್ಸ್ ಮುಟ್ಟಿದ 21 ದಿನಗಳಲ್ಲಿ, ಸಮನ್ಸ್ ಜಾರಿಯ ಶಾಸ್ತ್ರ ಬೇಡವೆಂದು ಪ್ರತಿವಾದಿ ಒಪ್ಪಿಕೊಂಡಿದ್ದರೆ 60 ದಿನಗಳಲ್ಲಿ, ಇದರಡಿ ವಜಾ ಕೋರುವ ಅರ್ಜಿಯನ್ನು ಪ್ರತಿವಾದಿ ಹಾಕುತ್ತಾನೆ. ಈ ಹಂತದಲ್ಲಿ ಸಾಕ್ಷಿಗಳಿಲ್ಲ, ಇಮೇಲ್‌ಗಳ ಶೋಧವಿಲ್ಲ. ದೂರಿನ ಕಾಗದವೊಂದೇ ಆಧಾರ.

2007ರ ಟ್ವಾಂಬ್ಲಿ, 2009ರ ಇಕ್ಬಾಲ್ ತೀರ್ಪುಗಳವರೆಗೆ ಇದು ಅಷ್ಟು ಕಷ್ಟದ ಗಡಿಯಾಗಿರಲಿಲ್ಲ. ಇಕ್ಬಾಲ್ 2001ರ ಸೆಪ್ಟೆಂಬರ್ ದಾಳಿಯ ನಂತರ ಬಂಧಿತನಾಗಿ ಬ್ರೂಕ್ಲಿನ್ ಜೈಲಿನ ಅತಿಭದ್ರತಾ ವಿಭಾಗದಲ್ಲಿದ್ದ ಪಾಕಿಸ್ತಾನಿ. ಅಟಾರ್ನಿ ಜನರಲ್ ಮತ್ತು ಎಫ್‌ಬಿಐ ಮುಖ್ಯಸ್ಥರು ಧರ್ಮ, ಮೂಲ ನೋಡಿಯೇ ಈ ನೀತಿ ಮಾಡಿದರೆಂದು ಆತ ಬರೆದಿದ್ದ. ಅದು ಬರೀ ತೀರ್ಮಾನ, ಸಂಗತಿಯಲ್ಲ ಎಂದಿತು ಕೋರ್ಟ್. ನ್ಯಾಯಾಧೀಶರು ನಿಜವೆಂದು ಎಣಿಸಬೇಕಾದದ್ದು ಸಂಗತಿಗಳನ್ನು ಮಾತ್ರ. ಮನಸ್ಸಿನೊಳಗಿನ ಉದ್ದೇಶವೇ ತಿರುಳಾದ ತಾರತಮ್ಯದ ದಾವೆಗಳಿಗೆ ಬಿದ್ದ ದೊಡ್ಡ ಹೊಡೆತ ಇದು. ಉದ್ದೇಶದ ಪುರಾವೆ ಇರುವುದು ಕಂಪನಿಯ ಸರ್ವರ್‌ನಲ್ಲಿ. ಅದನ್ನು ತೆರೆಸುವ ಅಧಿಕಾರ ಬರುವುದು ಈ ಗಡಿ ದಾಟಿದ ಮೇಲೆ.

ಹೀಗಾಗಿ ದೂರಿನ ಪ್ಯಾರಾದಲ್ಲೇ ಎಲ್ಲ ಅಡಗಿದೆ. ಒಬ್ಬ ಎಂಜಿನಿಯರ್ ಬರೆದದ್ದು ಹೀಗೆಂದು ಊಹಿಸಿಕೊಳ್ಳಿ: 'ನನ್ನ ಜಾತಿಯ ಕಾರಣಕ್ಕೆ ಮ್ಯಾನೇಜರ್ ನನಗೆ ಬಡ್ತಿ ತಪ್ಪಿಸಿದರು, ಕಿರುಕುಳ ಕೊಟ್ಟರು.' ಇದು ಬೀಳುತ್ತದೆ. ಇದನ್ನೇ ಬಿಡಿಸಿ ಬರೆಯಬೇಕು: ನನ್ನ ಜಾತಿ ಅವರಿಗೆ ಯಾವಾಗ, ಹೇಗೆ ತಿಳಿಯಿತು, ತಿಳಿಯುವ ಮೊದಲಿನ ವಾರ್ಷಿಕ ಮೌಲ್ಯಮಾಪನದಲ್ಲಿ ಏನಿತ್ತು, ನಂತರದ್ದರಲ್ಲಿ ಏನಿತ್ತು, ಯಾವ ತಂಡದಿಂದ ಯಾವ ತಿಂಗಳು ತೆಗೆದರು, ಅದೇ ದರ್ಜೆಯ, ಅದೇ ಕೆಲಸದ ಯಾರಿಗೆ ಬಡ್ತಿ ಸಿಕ್ಕಿತು, ಎಚ್ಆರ್‌ಗೆ ದೂರಿತ್ತ ತಾರೀಕು ಯಾವುದು, ನಂತರ ಎಷ್ಟನೇ ದಿನ ಏನಾಯಿತು. ವಿಶೇಷಣಗಳಿಂದ ಪ್ರಯೋಜನವಿಲ್ಲ. 'ಅಮಾನವೀಯ', 'ಘೋರ' ಎಂದು ತುಂಬಿದ ನಲವತ್ತು ಪುಟಕ್ಕಿಂತ ಐದು ತಾರೀಕುಗಳಿರುವ ಎರಡು ಪುಟ ಮೇಲು.

ಫೆಡರಲ್ ಕಾನೂನಿನಲ್ಲಿ 'ಜಾತಿ' ಎಂಬ ಪದವೇ ಇಲ್ಲವಲ್ಲ ಎಂಬ ಪ್ರಶ್ನೆ ಏಳುತ್ತದೆ. ದಾರಿ ಇದೆ, ಹಳೆಯದೂ ಹೌದು. 1866ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದ ಕಲಂ 1981ರಲ್ಲಿನ (ಇದು ಕಲಂನ ಸಂಖ್ಯೆ, ಇಸವಿಯಲ್ಲ) ಜನಾಂಗ ಎಂಬುದರಲ್ಲಿ ವಂಶಮೂಲವೂ ಸೇರುತ್ತದೆ ಎಂದು 1987ರಲ್ಲಿ ಇರಾಕ್ ಮೂಲದ ಪ್ರಾಧ್ಯಾಪಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾತಿಯನ್ನು ವಂಶಮೂಲವೆಂದು ಕಟ್ಟಿಕೊಟ್ಟರೆ ಈ ಕಲಂ ಮಿಕ್ಕವುಗಳಿಗಿಂತ ಅನುಕೂಲ: ಇಇಒಸಿ ಎಂಬ ಸಮಾನ ಉದ್ಯೋಗಾವಕಾಶ ಆಯೋಗದ ಮೆಟ್ಟಿಲು ಹತ್ತಬೇಕಿಲ್ಲ, ಕಾಲಮಿತಿ 4 ವರ್ಷ, ನಷ್ಟಪರಿಹಾರಕ್ಕೆ ಗರಿಷ್ಠ ಮಿತಿ ಇಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯ ಏಳನೇ ಅಧ್ಯಾಯದಲ್ಲಾದರೆ 500ಕ್ಕೂ ಹೆಚ್ಚು ನೌಕರರಿರುವ ಕಂಪನಿಯಿಂದಲೂ ಮಾನಸಿಕ ಹಿಂಸೆ ಮತ್ತು ದಂಡನಾತ್ಮಕ ಪರಿಹಾರ ಸೇರಿ 3 ಲಕ್ಷ ಡಾಲರ್‌ಗೆ ನಿಲ್ಲುತ್ತದೆ. ಕಲಂ 1981ಕ್ಕೂ ಒಂದು ಮುಳ್ಳಿದೆ: ಜನಾಂಗ 'ಒಂದು ಕಾರಣ' ಎಂದರೆ ಸಾಲದು, ಅದಿಲ್ಲದಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದು ದೂರಿನಲ್ಲೇ ಕಾಣಬೇಕು. 2020ರ ಕಾಮ್‌ಕಾಸ್ಟ್ ತೀರ್ಪು ತಂದ ಷರತ್ತು ಇದು.

ಇದೇ ಕಲಂನಡಿ ವಜಾ ಆದ ಒಂದು ದಾವೆ ಮತ್ತೆ ಎದ್ದು ಕೂತದ್ದೂ ಇದೆ, ಅದು ನಮ್ಮವರಿಗೆ ಎರಡೂ ಕಡೆಯಿಂದ ಸಂಬಂಧಪಟ್ಟದ್ದು. ಅಮೆರಿಕದ ಪೌರತ್ವ ಪಡೆದ ಐಟಿ ತಜ್ಞರೊಬ್ಬರು, ಮೆಟಾ ಕಂಪನಿ ಕಡಿಮೆ ಸಂಬಳಕ್ಕೆ ದುಡಿಯುವ ವೀಸಾದಾರರಿಗೆ ಮಣೆ ಹಾಕಿ ತಮ್ಮಂಥ ನಾಗರಿಕರನ್ನು ಬಿಟ್ಟಿದೆ ಎಂದು ದೂರಿದರು. ನಾಗರಿಕರ ವಿರುದ್ಧದ ಪೌರತ್ವ ತಾರತಮ್ಯ ಕಲಂ 1981ರಲ್ಲಿ ಬರುವುದಿಲ್ಲವೆಂದು ಕೆಳಕೋರ್ಟ್ ವಜಾ ಮಾಡಿತು. 2024ರ ಜೂನ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್ 2-1ರಲ್ಲಿ ಅದನ್ನು ರದ್ದುಮಾಡಿತು. ಟೆಕ್ಸಾಸ್ ಸೇರುವ ಐದನೇ ಸರ್ಕ್ಯೂಟ್ 1986ರಲ್ಲೇ ಇದಕ್ಕೆ ತದ್ವಿರುದ್ಧ ಹೇಳಿದೆ. ಅಂದರೆ ಅಕ್ಷರ ಬದಲಿಸದ ಅದೇ ದೂರು ಸ್ಯಾನ್ ಹೋಸೆಯಲ್ಲಿ ನಿಲ್ಲುತ್ತದೆ, ಡಲ್ಲಾಸ್‌ನಲ್ಲಿ ಬೀಳುತ್ತದೆ. ಎಚ್-1ಬಿಯಲ್ಲಿರುವ ಕನ್ನಡಿಗರೂ ಹಸಿರು ಕಾರ್ಡ್ ದಾಟಿ ನಾಗರಿಕರಾದ ಕನ್ನಡಿಗರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುವ ಕಂಪನಿಗಳಲ್ಲಿ ಈ ತೀರ್ಪು ಯಾರ ಪರ ಎಂಬುದಕ್ಕೆ ಒಂದೇ ಉತ್ತರವಿಲ್ಲ.

ಕ್ಯಾಲೆಂಡರ್

ತಿರುಳು ಗಟ್ಟಿಯಿದ್ದ ದಾವೆಗಳನ್ನೂ ತಾರೀಕು ಕೊಲ್ಲುತ್ತದೆ. ಏಳನೇ ಅಧ್ಯಾಯದ ದೂರು ಮೊದಲು ಇಇಒಸಿಗೆ ಹೋಗಬೇಕು: ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ, ರಾಜ್ಯದ್ದೇ ಸಂಸ್ಥೆ ಇರುವಲ್ಲಿ 300 ದಿನದೊಳಗೆ, ಜಾರ್ಜಿಯಾ, ಅಲಬಾಮಾದಂಥ ಕಡೆ ಬರೀ 180. ಆಯೋಗದಿಂದ ದಾವೆ ಹೂಡಲು ಅನುಮತಿ ಪತ್ರ ಬಂದ ಮೇಲೆ 90 ದಿನ. ಎಣಿಕೆ ಶುರುವಾಗುವುದು ಕೆಲಸದ ಕೊನೆಯ ದಿನದಿಂದಲ್ಲ, ತೆಗೆಯುತ್ತೇವೆ ಎಂದು ತಿಳಿಸಿದ ದಿನದಿಂದ. 1980ರಿಂದಲೂ ಇದೇ ಕಾನೂನು. ಮೂರು ತಿಂಗಳ ನೋಟಿಸ್ ಸಿಕ್ಕವರು ಆ ಮೂರು ತಿಂಗಳನ್ನು ಕಳೆದುಕೊಂಡಂತೆಯೇ. ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ದೇಶದಲ್ಲಿರಲು ಸಿಗುವುದು ಗರಿಷ್ಠ 60 ದಿನ. ಹೊಸ ಕಂಪನಿ, ವೀಸಾ ವರ್ಗಾವಣೆ, ಮಕ್ಕಳ ಶಾಲೆ ಎಂದು ಓಡಾಡುವಾಗ ಈ ಗಡಿಯಾರ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಂವಿಧಾನದ ಹಕ್ಕು ಮುರಿದರೆಂದು ಪೊಲೀಸ್ ಅಥವಾ ರಾಜ್ಯ, ಸ್ಥಳೀಯ ಸರ್ಕಾರದ ಅಧಿಕಾರಿಯ ಮೇಲೆ ಕಲಂ 1983ರಡಿ ಹೋಗುವುದಾದರೆ ರಾಜ್ಯದ ದೈಹಿಕ ಗಾಯದ ಕಾಲಮಿತಿಯೇ ಅಳತೆ: ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ 2 ವರ್ಷ, ನ್ಯೂಯಾರ್ಕ್‌ನಲ್ಲಿ 3, ಟೆನೆಸಿಯಲ್ಲಿ 1. ದಾವೆ ದಾಖಲಿಸುವ ಶುಲ್ಕ 405 ಡಾಲರ್. ದಾಖಲಾದ 90 ದಿನದಲ್ಲಿ ಸಮನ್ಸ್ ಮುಟ್ಟಿಸದಿದ್ದರೆ ಅದಕ್ಕೂ ವಜಾ.

ಸ್ಪಷ್ಟವಾಗಿ ನೆಲೆಗೊಂಡ ಕಾನೂನನ್ನು ಮುರಿಯದಿದ್ದರೆ ಅಧಿಕಾರಿ ಪರಿಹಾರ ತೆರಬೇಕಿಲ್ಲ ಎಂಬ 'ಕ್ವಾಲಿಫೈಡ್ ಇಮ್ಯುನಿಟಿ' ರಕ್ಷಣೆಯ ಬಗ್ಗೆ ಪುಸ್ತಕಗಳೇ ಇವೆ, ಇಲ್ಲಿ ಒಂದು ಚಿತ್ರ ಸಾಕು. ನ್ಯಾಶ್‌ವಿಲ್‌ನಲ್ಲಿ ಕೈ ಮೇಲೆತ್ತಿ ಕುಳಿತಿದ್ದ ಶಂಕಿತನೊಬ್ಬನ ಮೇಲೆ ಪೊಲೀಸರು ನಾಯಿ ಬಿಟ್ಟರು. ಶರಣಾದವನ ಮೇಲೆ ನಾಯಿ ಬಿಡಬಾರದೆಂಬ ಹಳೆಯ ತೀರ್ಪು ಇತ್ತು. ಆದರೆ ಅದರಲ್ಲಿ ಶರಣಾದವನು ಮಲಗಿದ್ದ, ಇವನು ಕುಳಿತಿದ್ದ. ಹಾಗಾಗಿ ಕಾನೂನು ಅಧಿಕಾರಿಗೆ 'ಸ್ಪಷ್ಟವಾಗಿ' ತಿಳಿದಿರಲಿಲ್ಲ ಎಂದಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ. ಆ ಪ್ರಕರಣ ಈ ತಿರುವಿಗೆ ಬಂದದ್ದು ಸಾಕ್ಷ್ಯ ಸಂಗ್ರಹದ ನಂತರ. ಆದರೆ ಇದೇ ರಕ್ಷಣೆಯನ್ನು ದೂರಿನ ಹಂತದಲ್ಲೇ ಕೇಳಬಹುದು, ನಿರಾಕರಿಸಿದರೆ ಅಧಿಕಾರಿ ತಕ್ಷಣ ಮೇಲ್ಮನವಿಗೂ ಹೋಗಬಹುದು. ವಾದಿಗೆ ವರ್ಷಗಟ್ಟಲೆ ಕಾಯುವ ಕೆಲಸ.

ಐಟಿ ನೌಕರರಿಗೆ ಇದಕ್ಕಿಂತ ಹತ್ತಿರದ ಅಡ್ಡಿ ಆಫರ್ ಲೆಟರ್ ಜೊತೆ ಸಹಿ ಹಾಕಿದ ಮಧ್ಯಸ್ಥಿಕೆ ಒಪ್ಪಂದ. ಕಂಪನಿ ಅದನ್ನು ತೋರಿಸಿದರೆ ದಾವೆ ಕೋರ್ಟಿನಿಂದ ಖಾಸಗಿ ಮಧ್ಯಸ್ಥರ ಕೋಣೆಗೆ ಹೋಗುತ್ತದೆ. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಇದರಲ್ಲೊಂದು ಸಣ್ಣ ಅನುಕೂಲ ಮಾಡಿಕೊಟ್ಟಿತು: ಯಾರಾದರೂ ಒಬ್ಬರು ಕೇಳಿದರೆ ದಾವೆಯನ್ನು ವಜಾ ಮಾಡದೆ ತಡೆಹಿಡಿದಿಡಬೇಕು. ಈ ಒಪ್ಪಂದಕ್ಕೆ ಸಹಿ ಹಾಕಿರದ ಸರ್ಕಾರಿ ಸಂಸ್ಥೆ ತನ್ನ ಹೆಸರಿನಲ್ಲೇ ದಾವೆ ಹೂಡಿದರೆ ಅದಕ್ಕೆ ಒಪ್ಪಂದ ಅಡ್ಡಬರುವುದಿಲ್ಲ ಎಂಬುದು 2002ರಿಂದ ಇರುವ ಫೆಡರಲ್ ಕಾನೂನು.

ಕೊನೆಯ ಪುಟ

ವಜಾ ಆದೇಶ ಕೈಗೆ ಬಂದಾಗ ಮೊದಲು ಓದಬೇಕಾದದ್ದು ಕೊನೆಯ ಪುಟ. ಅಲ್ಲಿ 'ವಿತ್ ಪ್ರೆಜುಡಿಸ್' ಎಂದಿದ್ದರೆ ಅದೇ ಬೇಡಿಕೆಯನ್ನು ಮತ್ತೆ ತರುವಂತಿಲ್ಲ. 'ವಿತೌಟ್' ಎಂದಿದ್ದರೆ ತರಬಹುದು. ಯಂತ್ರಾನುವಾದಗಳು ಇದನ್ನು 'ಪೂರ್ವಾಗ್ರಹದೊಂದಿಗೆ ವಜಾ' ಎಂದು ಬರೆದು ನ್ಯಾಯಾಧೀಶರಿಗೇ ಕಳಂಕ ಹಚ್ಚುತ್ತವೆ. ಪೂರ್ವಾಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ. ಅರ್ಹತೆ ಇಲ್ಲವೆಂಬ ವಜಾ ಸಾಮಾನ್ಯವಾಗಿ ಎರಡನೇ ಬಗೆಯದು, ಏಕೆಂದರೆ ಅಧಿಕಾರವೇ ಇಲ್ಲದ ಕೋರ್ಟ್ ಅಂತಿಮ ತೀರ್ಪು ಕೊಡುವುದು ಹೇಗೆ?

'ತಿದ್ದುಪಡಿಗೆ ಅವಕಾಶ' ಎಂದು ಗಡುವು ಕೊಟ್ಟಿದ್ದರೆ ಆದೇಶ ಇನ್ನೂ ಅಂತಿಮವಲ್ಲ, ಮೇಲ್ಮನವಿಗೆ ಬರುವುದಿಲ್ಲ. ಗಡುವಿನಲ್ಲಿ ಹೊಸ ದೂರು ಸಲ್ಲಿಸಬೇಕು, ಅದು ಹಳೆಯದಕ್ಕೆ ಅಂಟಿಸಿದ ಬಾಲವಾಗಬಾರದು. ಹೊಸದು ಬಂದ ಕ್ಷಣ ಹಳೆಯದು ಸತ್ತಂತೆ. ಅದರಲ್ಲಿದ್ದ ಒಳ್ಳೆಯ ಸಂಗತಿಗಳನ್ನೆಲ್ಲ ಮತ್ತೆ ಬರೆಯಬೇಕು. ಗಡುವು ಕಳೆದರೆ ಆಜ್ಞೆ ಪಾಲಿಸಲಿಲ್ಲವೆಂದು ಮೊದಲ ಬಗೆಯ ವಜಾ ಬರಬಹುದು.

ಅಂತಿಮ ತೀರ್ಪು ದಾಖಲಾದ ಮೇಲೆ ಅದನ್ನು ಬದಲಿಸಲು ಕೇಳುವ ಅರ್ಜಿಗೆ 28 ದಿನ, ಮೇಲ್ಮನವಿಗೆ 30 ದಿನ. ಫೆಡರಲ್ ಸರ್ಕಾರ ಕಕ್ಷಿದಾರನಾಗಿದ್ದರೆ 60. ಸಕಾಲದ 28 ದಿನದ ಅರ್ಜಿ ಮೇಲ್ಮನವಿಯ ಗಡಿಯಾರವನ್ನು ನಿಲ್ಲಿಸುತ್ತದೆ. 29ನೇ ದಿನ ಹಾಕಿದ್ದು ನಿಲ್ಲಿಸುವುದಿಲ್ಲ, ಅದರ ಉತ್ತರಕ್ಕೆ ಕಾಯುತ್ತ ಕೂತವರ ಮೇಲ್ಮನವಿ ಹಕ್ಕೂ ಹೋಗುತ್ತದೆ. ಮೇಲ್ಮನವಿ ಶುಲ್ಕ 605 ಡಾಲರ್. ಫೆಡರಲ್ ಬೇಡಿಕೆಗಳು ಬಿದ್ದು, ಜೊತೆಗಿದ್ದ ರಾಜ್ಯ ಕಾನೂನಿನ ಬೇಡಿಕೆಗಳನ್ನೂ ಕೋರ್ಟ್ ಕೈಬಿಟ್ಟಿದ್ದರೆ, ಅವನ್ನು ರಾಜ್ಯ ಕೋರ್ಟಿಗೆ ಒಯ್ಯಲು ಕನಿಷ್ಠ 30 ದಿನದ ರಕ್ಷಣೆ ಇದೆ. ಫೆಡರಲ್ ಕೋರ್ಟಿನಲ್ಲಿದ್ದಷ್ಟೂ ದಿನ ಕಾಲಮಿತಿ ನಿಂತಿರುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗೊತ್ತಿಲ್ಲದೆ ಬಿಟ್ಟುಕೊಡುವ ಹಕ್ಕು ಇದು.

ವಾದಿಯೇ ವಾಪಸ್ ಪಡೆಯುವುದೂ ವಜಾ. ಪ್ರತಿವಾದಿ ಉತ್ತರ ಸಲ್ಲಿಸುವ ಮೊದಲು ಒಂದು ನೋಟಿಸ್ ಸಾಕು, ನ್ಯಾಯಾಧೀಶರ ಸಹಿ ಬೇಡ. ಇದೇ ಬೇಡಿಕೆಯನ್ನು ಎರಡನೇ ಸಲ ಹೀಗೆ ಹಿಂಪಡೆದರೆ ಮಾತ್ರ ಬಾಗಿಲು ಮುಚ್ಚುತ್ತದೆ. ಎಲ್ಲಕ್ಕೂ ಮೂಲವಾದ ಸಿಸ್ಕೊ ಪ್ರಕರಣದಲ್ಲಿ ಆದದ್ದು ಇಂಥ ಮೊದಲ ಸಲದ ಹಿಂಪಡೆತ. 2020ರ ಜೂನ್ 30ರಂದು ಸ್ಯಾನ್ ಹೋಸೆಯ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದ ಇಲಾಖೆ ಅಕ್ಟೋಬರ್‌ನಲ್ಲಿ ತಾನೇ ಹಿಂಪಡೆದು ಸಾಂಟಾ ಕ್ಲಾರಾ ಕೌಂಟಿಯ ರಾಜ್ಯ ಕೋರ್ಟಿಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಇಬ್ಬರು ಎಂಜಿನಿಯರ್‌ಗಳ ಮೇಲಿನ ಆರೋಪಗಳನ್ನೂ ಕೈಬಿಟ್ಟಿತು; ಕಂಪನಿಯ ಮೇಲಿನದು ಉಳಿಯಿತು.

ಸ್ಯಾಕ್ರಮೆಂಟೊದ ದಾವೆ ಎತ್ತಿದ ಧರ್ಮದ ಪ್ರಶ್ನೆಗೆ ನಿಜವಾದ ಜಾಗ ಇದ್ದದ್ದು ಆ ಇಬ್ಬರ ಬಳಿ. ಅರ್ಹತೆ ತೋರಿಸಬೇಕಾದವನು ವಾದಿ. ಸರ್ಕಾರವೇ ಕೋರ್ಟಿಗೆ ಎಳೆದ ಪ್ರತಿವಾದಿಯನ್ನು 'ನೀನು ಯಾರು' ಎಂದು ಯಾರೂ ಕೇಳುವುದಿಲ್ಲ. ಇಲಾಖೆಯ ವರ್ಣನೆ ತಮ್ಮ ಧರ್ಮಕ್ಕೆ ವಿರುದ್ಧ ಎಂಬ ವಾದವನ್ನು ಅವರು ರಕ್ಷಣೆಯಾಗಿಯೇ ಮುಂದಿಡಬಹುದಿತ್ತು. ಅವರು ಪ್ರಕರಣದಿಂದ ಹೊರಬಂದ ದಿನವೇ ಆ ಪ್ರಶ್ನೆಯನ್ನು ಅಡ್ಡಿಯಿಲ್ಲದೆ ಕೇಳಬಲ್ಲ ವ್ಯಕ್ತಿಗಳೂ ಹೊರಬಂದರು. ಉಳಿದದ್ದು ಒಂದು ಕಂಪನಿ, ಅದಕ್ಕೆ ಧರ್ಮವಿಲ್ಲ.